ಮೂರು ಹಿಡಿ ಮಣ್ಣು

ನಮ್ಮ ದಾದಾ ಯುನಾನಿ ಹಕೀಮರಾಗಿದ್ದರು. ಪೇಟೆಯ ಮಸೀದಿ ಬೀದಿಯಲ್ಲಿ ಅವರದೊಂದು ಚಿಕ್ಕ ದವಾಖಾನೆಯಿತ್ತು. ಗೋಡೆಯ ತುಂಬ ಮರದ ಗೂಡುಗಳು, ಗೂಡುಗಳಲ್ಲಿ ಪಿಂಗಾಣಿ ಭರಣಿಗಳು, ಭರಣಿಗಳಲ್ಲಿ ಮಾಜೂನು, ಖಮೀರಾ, ಒಣಗಿದ ಗುಲಾಬಿ ಎಸಳು. ರೋಗಿಯ ನಾಡಿ ಹಿಡಿದು ಕಣ್ಣು ಮುಚ್ಚಿ ಕುಳಿತಾಗ ಅವರ ಬಾಯಿಂದ ಆಗಾಗ ಕೆಲವು ಹೆಸರುಗಳು ಹೊರಡುತ್ತಿದ್ದವು. ಬುಖ್ರಾತ್ ಹೀಗೆ ಹೇಳಿದ್ದಾನೆ, ಜಾಲೀನೂಸ್ ಹಾಗೆ ಹೇಳಿದ್ದಾನೆ, ಅರಸ್ತೂವಿನ ಮಾತೇ ಬೇರೆ. ಮನೆಯಲ್ಲಿ ನಾವು ಎದುರು ಮಾತಾಡಿದರೆ ಅಮ್ಮಿ, "ಬಂದಳು ನೋಡಿ ಅಫ್ಲಾತೂನನ ಮೊಮ್ಮಗಳು" ಎಂದು ಗದರಿಸುತ್ತಿದ್ದರು. ಇವರೆಲ್ಲ ನಮ್ಮ ಮುತ್ತಜ್ಜನ ಕಾಲದ ಯಾರೋ ಹಕೀಮರು, ಪಕ್ಕದೂರಿನ ಯಾವುದೋ ಖಬರಸ್ತಾನದಲ್ಲಿ ಮಲಗಿರುವವರು ಎಂದೇ ನಾವು ಅಕ್ಕತಂಗಿಯರು ಬಹಳ ಕಾಲ ನಂಬಿದ್ದೆವು.

ಹೈಸ್ಕೂಲಿಗೆ ಬಂದ ಮೇಲೆ ಗುಟ್ಟು ಬಯಲಾಯಿತು. ಬುಖ್ರಾತನೆಂದರೆ ಹಿಪೊಕ್ರೆಟಿಸ್, ಜಾಲೀನೂಸನೆಂದರೆ ಗ್ಯಾಲೆನ್, ಅರಸ್ತೂ ಅರಿಸ್ಟಾಟಲ್, ಅಫ್ಲಾತೂನ್ ಪ್ಲೇಟೊ. ಯುನಾನಿ ಎಂಬ ಮಾತಿನ ಅರ್ಥವೇ ಗ್ರೀಕರದು ಎಂದು. ಅಯೋನಿಯಾ ಎಂಬ ಹೆಸರು ಪೂರ್ವಕ್ಕೆ ಬರುತ್ತಾ ಅರಬರಲ್ಲಿ ಯೂನಾನ್ ಆಯಿತು, ನಮ್ಮಲ್ಲಿ ಯವನ ಆಯಿತು. ನಮ್ಮ ಮನೆಯ ಭರಣಿಗಳೊಳಗೆ ಇದ್ದದ್ದು ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಸ್ ಎಂದು ತಿಳಿದಾಗ ನಮಗೆ ಆದ ಬೆರಗು ಇಂದಿಗೂ ಪೂರ್ತಿ ಇಳಿದಿಲ್ಲ.

ಈ ಬರಹವನ್ನು ನಾವಿಬ್ಬರೂ ಸೇರಿ ಬರೆಯುತ್ತಿದ್ದೇವೆ. ನಮಗೆ ಅಣ್ಣತಮ್ಮಂದಿರಿಲ್ಲ. ನಮ್ಮಲ್ಲಿ ದೊಡ್ಡವಳು ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಚಿಕ್ಕವಳು ಬಟ್ಟೆ ಅಂಗಡಿಯೊಂದರ ಲೆಕ್ಕ ಬರೆಯುತ್ತಾಳೆ. 2020ರಲ್ಲಿ ಲಾಕ್‌ಡೌನ್ ಆಗಿ ಶಾಲೆಯೂ ಅಂಗಡಿಯೂ ಬಾಗಿಲು ಹಾಕಿದಾಗ, ಸುಮ್ಮನೆ ಕೂರುವ ಬದಲು ಅಂಚೆ ಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ.ಗೆ ಹೆಸರು ಹಚ್ಚಿದೆವು. ಅದರಲ್ಲಿ ಒಂದು ಪತ್ರಿಕೆ, ಪ್ರಾಚೀನ ಗ್ರೀಕ್ ಮತ್ತು ರೋಮನ್ ಸಾಹಿತ್ಯದ್ದು. ಹೋಮರ್, ಸೊಫೋಕ್ಲೀಸ್, ಅರಿಸ್ಟಾಟಲ್, ವರ್ಜಿಲ್. ನಮಗೆ ಗ್ರೀಕೂ ಬಾರದು, ಲ್ಯಾಟಿನೂ ಬಾರದು. ಇಂಗ್ಲಿಷ್ ಅನುವಾದದಲ್ಲಿ ಓದಿ, ಪ್ರತಿ ಘಟಕಕ್ಕೆ ಒಂದೊಂದು ಪ್ರಬಂಧ ಬರೆದು ಕಳಿಸಬೇಕಿತ್ತು. ದೊಡ್ಡವಳಿಗೆ ಭಯ, ಚಿಕ್ಕವಳಿಗೆ ಖುಷಿ. "ಅರಸ್ತೂ ನಮ್ಮ ದಾದಾನ ಸ್ನೇಹಿತ ಆಪಾ, ನಮ್ಮನ್ನು ಫೇಲ್ ಮಾಡುತ್ತಾನೆಯೇ?" ಎಂದು ಅವಳು ನಗುತ್ತಿದ್ದಳು.

ಮೊದಮೊದಲ ನಮ್ಮ ಪ್ರಬಂಧಗಳನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಪೇಟೆಯಲ್ಲಿ ಸಿಗುವ ಗೈಡ್ ತಂದು, ಒಂದು ಪ್ಯಾರಾ ಅಲ್ಲಿಂದ, ಒಂದು ಪ್ಯಾರಾ ಇಲ್ಲಿಂದ ಎತ್ತಿ, ನಡುವೆ ‘ಆದ್ದರಿಂದ’ ಸೇರಿಸಿ ಹೊಲಿಯುತ್ತಿದ್ದೆವು. ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತ ಇಂಗ್ಲಿಷ್ ಉಪನ್ಯಾಸಕರೊಬ್ಬರಿದ್ದಾರೆ. ಊರಿಗೆಲ್ಲ ಅವರು ಮೇಷ್ಟ್ರು. ಲಾಕ್‌ಡೌನ್ ಸಡಿಲವಾದ ಮೇಲೆ ಭಾನುವಾರಗಳಲ್ಲಿ ಅವರ ಜಗಲಿಯಲ್ಲಿ ದೂರ ದೂರ ಕುಳಿತು ಪಾಠ ಕೇಳತೊಡಗಿದೆವು. ನಮ್ಮ ಮೊದಲ ಪ್ರಬಂಧವನ್ನು ಓದಿ ಅವರು ಕೇಳಿದ್ದು ಒಂದೇ ಮಾತು.

"ಇದನ್ನು ಬರೆದವರು ಯಾರಮ್ಮಾ?"

"ನಾವೇ ಸಾರ್."

"ಅಲ್ಲ. ಇದನ್ನು ಬರೆದದ್ದು ಗೈಡು. ನೀವು ನಾಟಕ ಓದುವಾಗ ಎಲ್ಲಿ ಎಡವಿದಿರಿ ಹೇಳಿ. ಎಡವಿದ ಜಾಗದಿಂದಲೇ ಪ್ರಬಂಧ ಶುರುವಾಗಬೇಕು. ಇನ್ನೊಂದು ಮಾತು. ನಿಮಗೆ ಯಾರ ಮೇಲೆ ಸಿಟ್ಟು ಬರುತ್ತದೋ ಅವನ ಪರವಾಗಿ ಮೊದಲು ಒಂದು ಪುಟ ಬರೆಯಿರಿ. ಆಮೇಲೆ ಬೇಕಾದರೆ ಬಯ್ಯಿರಿ."

ಈ ಪಾಠ ಹೊಸದೇನಲ್ಲ, ಗ್ರೀಕರದೇ ಎಂದು ಅವರು ತೋರಿಸಿಕೊಟ್ಟರು. ಕ್ರಿ.ಪೂ. 472ರಲ್ಲಿ ಈಸ್ಕಿಲಸ್ ‘ಪರ್ಷಿಯನ್ನರು’ ಎಂಬ ನಾಟಕ ಆಡಿಸಿದ. ಅದಕ್ಕೆ ಎಂಟು ವರ್ಷ ಮೊದಲು ಪರ್ಷಿಯದ ಸೈನ್ಯ ಅಥೆನ್ಸ್ ನಗರವನ್ನು ಸುಟ್ಟುಹಾಕಿತ್ತು. ಈಸ್ಕಿಲಸ್ ಸ್ವತಃ ಮ್ಯಾರಥಾನ್ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ಕಾದಾಡಿದವನು. ಆ ಯುದ್ಧದಲ್ಲಿ ಅವನ ಸಹೋದರ ಸತ್ತಿದ್ದ. ಹೀಗಿದ್ದೂ ಅವನ ನಾಟಕ ನಡೆಯುವುದು ಶತ್ರುವಿನ ಅರಮನೆಯಲ್ಲಿ. ಮಗನ ಸೋಲಿನ ಸುದ್ದಿಗೆ ಕಾದು ಕುಳಿತ ಶತ್ರುವಿನ ತಾಯಿ ಅಲ್ಲಿ ದುಃಖಿಸುತ್ತಾಳೆ. ಸುಟ್ಟ ಊರಿನ ಜನ ಕುಳಿತು ಸುಟ್ಟವರ ಮನೆಯ ಅಳುವನ್ನು ಕೇಳಿದರು. ಅಷ್ಟೇ ಅಲ್ಲ, ಆ ವರ್ಷದ ಸ್ಪರ್ಧೆಯಲ್ಲಿ ಮೊದಲ ಬಹುಮಾನವನ್ನೂ ಕೊಟ್ಟರು. ಕನ್ನಡಕ್ಕೆ ಇದನ್ನು ಬಿ.ಎಂ.ಶ್ರೀ. ಅವರು ‘ಪಾರಸಿಕರು’ ಎಂದು ತಂದು 1935ರಲ್ಲಿ ಪ್ರಕಟಿಸಿದರು. ಇಂದು ನೆರೆಮನೆಯವನ ಅಳುವೇ ನಮಗೆ ಕೇಳಿಸದು. ಶತ್ರುವಿನ ಅಳು ಎಲ್ಲಿಂದ ಕೇಳಿಸೀತು?

ಪರೀಕ್ಷೆಗೆ ಬೇಕಾದ ಎರಡು ಪದಗಳು ನಮಗೆ ಬಹಳ ಕಾಟ ಕೊಟ್ಟವು. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ದುರಂತ ನಾಟಕದ ಬಗ್ಗೆ ಬಳಸಿದ ಹಮಾರ್ಷಿಯಾ ಮತ್ತು ಕೆಥಾರ್ಸಿಸ್. ಹಮಾರ್ಷಿಯಾ ಎಂದರೆ ನಾಯಕನ ಸ್ವಭಾವದ ದೋಷ ಎಂದು ಗೈಡು ಹೇಳಿತ್ತು. ಮೇಷ್ಟ್ರು ಒಪ್ಪಲಿಲ್ಲ. ಬಿಲ್ಲುಗಾರ ಬಿಟ್ಟ ಬಾಣ ಗುರಿ ತಪ್ಪಿದರೆ ಗ್ರೀಕರು ಬಳಸುತ್ತಿದ್ದ ಮಾತು ಅದು. ಗುರಿ ತಪ್ಪಿದವನು ಕೆಟ್ಟವನೇ ಆಗಬೇಕೆಂದಿಲ್ಲ. ಒಳ್ಳೆಯ ಉದ್ದೇಶದಿಂದಲೇ ಬಿಟ್ಟ ಬಾಣವೂ ತಪ್ಪಬಹುದು. ಕೆಥಾರ್ಸಿಸ್ ಎಂದರೆ ಕರುಣೆ ಮತ್ತು ಭಯಗಳ ಮೂಲಕ ಆಗುವ ಶುದ್ಧಿ. ದಾದಾನ ದವಾಖಾನೆಯ ಮಕ್ಕಳಾದ ನಮಗೆ ಇದು ಬೇಗ ಹೊಳೆಯಿತು. ದೇಹದ ಕೆಟ್ಟ ದ್ರವವನ್ನು ಹೊರಹಾಕುವ ಚಿಕಿತ್ಸೆಗೂ ಗ್ರೀಕ್ ವೈದ್ಯರು ಬಳಸಿದ್ದು ಇದೇ ಪದವನ್ನು. ವಾಕ್ಯವನ್ನು ಚೆನ್ನಾಗಿ ಬಾಯಿಪಾಠ ಮಾಡಿ ಬರೆದೆವು. ಒಳ್ಳೆಯ ಅಂಕವೂ ಬಂತು.

ಆದರೆ ಬಾಯಿಪಾಠಕ್ಕೂ ತಿಳಿವಳಿಕೆಗೂ ಇರುವ ಅಂತರವೇನು ಎಂಬುದನ್ನು ನಮಗೆ ಕಲಿಸಿದ್ದು ಇಬ್ನ್ ರುಶ್ದ್‌ರ ಕಥೆ. ಗ್ರೀಕರ ಜ್ಞಾನ ಅರಬಿಗೆ ಬಂದ ಬಗೆಯೇ ಒಂದು ಸೋಜಿಗ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವೈದ್ಯರು ಖಲೀಫರ ಆಶ್ರಯದಲ್ಲಿ ಗ್ಯಾಲೆನನ ಗ್ರಂಥಗಳನ್ನು ಅನುವಾದಿಸಿದರು. ಅವನ ಒಂದು ಗ್ರಂಥಕ್ಕಾಗಿ ಮೆಸೊಪೊಟೇಮಿಯಾ, ಸಿರಿಯಾ, ಪ್ಯಾಲೆಸ್ತೀನ್, ಈಜಿಪ್ಟ್ ಎಲ್ಲ ಅಲೆದು, ಕಡೆಗೆ ಡಮಾಸ್ಕಸ್‌ನಲ್ಲಿ ಅದರ ಅರ್ಧದಷ್ಟು ಸಿಕ್ಕಿತು ಎಂದು ಅವರೇ ಬರೆದಿಟ್ಟಿದ್ದಾರೆ. ಅರ್ಧ ಪುಸ್ತಕಕ್ಕಾಗಿ ನಾಲ್ಕು ದೇಶ! ಅಂಗೈಯಲ್ಲಿ ಇಡೀ ಗ್ರಂಥಾಲಯ ತೆರೆದುಕೊಳ್ಳುವ ಈ ಕಾಲದಲ್ಲೂ ಗೈಡಿನಾಚೆ ಕಣ್ಣು ಹಾಯಿಸದ ನಮಗೆ ಇದನ್ನು ಓದಿದಾಗ ತಲೆ ತಗ್ಗಿತು.

ಹತ್ತನೆಯ ಶತಮಾನದಲ್ಲಿ ಅಬೂ ಬಿಶ್ರ್ ಮತ್ತಾ ಎಂಬ ಇನ್ನೊಬ್ಬ ಕ್ರೈಸ್ತ ವಿದ್ವಾಂಸರು ಅರಿಸ್ಟಾಟಲನ ಕಾವ್ಯಮೀಮಾಂಸೆಯನ್ನು ಸಿರಿಯಾಕ್ ಭಾಷೆಯಿಂದ ಅರಬಿಗೆ ತಂದರು. ಆದರೆ ಅದು ಚರ್ಚಿಸುವ ನಾಟಕಗಳು ಅರಬಿಗೆ ಬರಲಿಲ್ಲ. ದುರಂತ ನಾಟಕ ಎಂಬ ಜಾಗದಲ್ಲಿ ಮತ್ತಾ ‘ಹೊಗಳಿಕೆಯ ಕಾವ್ಯ’ ಎಂದೂ, ಪ್ರಹಸನ ಎಂಬಲ್ಲಿ ‘ತೆಗಳಿಕೆಯ ಕಾವ್ಯ’ ಎಂದೂ ಬರೆದರು. ಮುಂದೆ ಸ್ಪೇನಿನ ಕುರ್ತುಬಾದಲ್ಲಿ ಇಬ್ನ್ ರುಶ್ದ್ (1126-1198) ವ್ಯಾಖ್ಯಾನ ಬರೆಯಲು ಕುಳಿತಾಗ ಅವರ ಮುಂದಿದ್ದದ್ದು ಈ ಅನುವಾದದ ಪರಂಪರೆ. ಅರಿಸ್ಟಾಟಲನನ್ನು ಅವರಷ್ಟು ಆಳವಾಗಿ ಓದಿದವರು ಆ ಕಾಲದಲ್ಲಿ ಇನ್ನೊಬ್ಬರಿಲ್ಲ. ಆದರೂ ಒಂದು ನಾಟಕವನ್ನೂ ಕಾಣದೆ ನಾಟಕದ ವ್ಯಾಖ್ಯಾನ ಬರೆಯಬೇಕಾಯಿತು. ಹೊಗಳಿಕೆ, ತೆಗಳಿಕೆ ಎಂದೇ ಅವರೂ ಬಗೆದರು. ಅರ್ಜೆಂಟೀನಾದ ಲೇಖಕ ಬೋರ್ಹೆಸ್ ಇದನ್ನೇ ಒಂದು ಕಥೆ ಮಾಡಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಈಜಿಪ್ಟಿನ ಅಂಧ ಸಾಹಿತಿ ತಾಹಾ ಹುಸೇನ್ ಸೊಫೋಕ್ಲೀಸನ ನಾಟಕಗಳನ್ನು ಅರಬಿಗೆ ತಂದರು.

ಅಂಥ ಮಹಾಪಂಡಿತರನ್ನು ನೋಡಿ ನಗುವ ಯೋಗ್ಯತೆ ನಮಗಿಲ್ಲ. ಏಕೆಂದರೆ ನಮ್ಮ ಸ್ಥಿತಿಯೂ ಅದೇ ಆಗಿತ್ತು. ದುರಂತದ ಲಕ್ಷಣ ಬಾಯಿಗೆ ಬರುತ್ತಿತ್ತು. ದುರಂತ ಮಾತ್ರ ಇನ್ನೂ ನಮ್ಮ ಮನೆಗೆ ಬಂದಿರಲಿಲ್ಲ.

ಅದು 2021ರ ಮೇ ತಿಂಗಳಲ್ಲಿ ಬಂತು. ರಮ್‌ಝಾನಿನ ಕೊನೆಯ ಹತ್ತರ ದಿನಗಳು. ಅಬ್ಬಾಗೆ ಜ್ವರ ಬಂದು ನಾಲ್ಕನೆಯ ದಿನ ಉಸಿರು ಕಟ್ಟತೊಡಗಿತು. ಎಷ್ಟೋ ಕಡೆ ಅಲೆದ ಮೇಲೆ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಅಷ್ಟರಲ್ಲಿ ಚಿಕ್ಕವಳಿಗೂ ಸೋಂಕು ತಗಲಿ ಹಿಂದಿನ ಕೋಣೆಯಲ್ಲಿ ಒಂಟಿಯಾಗಿ ಮಲಗಿದ್ದಳು. ಅಮ್ಮಿಗೆ ಸಕ್ಕರೆ ಕಾಯಿಲೆ. ದೊಡ್ಡವಳೊಬ್ಬಳೇ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಈದ್‌ಗೆ ನಾಲ್ಕು ದಿನ ಇರುವಾಗ ಸಹ್ರಿಯ ಹೊತ್ತಿಗೆ ಅಬ್ಬಾ ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಬೆಳಗಿನ ಎಂಟು ಗಂಟೆಗೆ ಸಿಬ್ಬಂದಿಯೊಬ್ಬರು ಒಂದು ಕಾಗದ ತಂದು ದೊಡ್ಡವಳ ಮುಂದಿಟ್ಟರು. ಶವವನ್ನು ಮನೆಗೆ ಒಯ್ಯುವುದಿಲ್ಲ, ಚೀಲ ತೆರೆಯುವುದಿಲ್ಲ, ಆಂಬುಲೆನ್ಸ್ ನೇರ ಖಬರಸ್ತಾನಕ್ಕೆ ಹೋಗುವುದಕ್ಕೆ ಒಪ್ಪಿಗೆ ಇದೆ ಎಂದು ಅದರಲ್ಲಿತ್ತು. ಚಿಕ್ಕವಳು ಫೋನಿನಲ್ಲಿ ಅಳುತ್ತಿದ್ದಳು. "ಆಪಾ, ಸಹಿ ಹಾಕಬೇಡ. ಮುಖ ಒಂದು ಸಲ ತೋರಿಸಿ ಎಂದು ಕೇಳು. ವೀಡಿಯೊದಲ್ಲಾದರೂ ಅಮ್ಮಿ ನೋಡಲಿ." ದೊಡ್ಡವಳು ಒಮ್ಮೆ ಕೇಳಿದಳು. ಆಗುವುದಿಲ್ಲ ಎಂದರು. ಎರಡನೆಯ ಸಲ ಕೇಳಲಿಲ್ಲ. ಮನೆಯಲ್ಲಿ ಇನ್ನೂ ಇಬ್ಬರಿದ್ದಾರೆ, ಅವರನ್ನು ಉಳಿಸಿಕೊಳ್ಳಬೇಕು ಎಂಬ ಒಂದೇ ಯೋಚನೆಯಲ್ಲಿ ಸಹಿ ಹಾಕಿದಳು. ಬಿಳಿ ಕಿಟ್ ತೊಟ್ಟ ನಾಲ್ವರು ಯುವಕರು ಅಬ್ಬಾರನ್ನು ಕೊಂಡೊಯ್ದರು. ಅವರ ಮುಖವೂ ಕಾಣಲಿಲ್ಲ, ಅಬ್ಬಾರ ಮುಖವೂ ಕಾಣಲಿಲ್ಲ.

ಚಿಕ್ಕವಳು ಗುಣವಾಗಿ ಎದ್ದ ಮೇಲೆ ಸರ್ಕಾರದ ನಿಯಮಗಳನ್ನು ಹುಡುಕಿ ಓದಿದಳು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲೇ ಹೊರಡಿಸಿದ್ದ ಮಾರ್ಗಸೂಚಿಯಲ್ಲಿ, ಸಿಬ್ಬಂದಿಯೇ ಎಚ್ಚರಿಕೆಯಿಂದ ಚೀಲವನ್ನು ಮುಖದ ಕಡೆ ತೆರೆದು ಬಂಧುಗಳಿಗೆ ಕೊನೆಯ ಸಲ ತೋರಿಸಬಹುದು ಎಂದಿತ್ತು. ಮುಟ್ಟದೆ ಧರ್ಮಗ್ರಂಥ ಪಠಿಸುವುದಕ್ಕೂ ಅವಕಾಶವಿತ್ತು. ಆ ಹಾಳೆಯನ್ನು ಅವಳು ಅಕ್ಕನ ಮುಂದೆ ಹಿಡಿದಳು. "ನೋಡು, ಕಾನೂನೇ ಬೇಡವೆಂದಿರಲಿಲ್ಲ. ಬೇಡವೆಂದವಳು ನೀನು." ದೊಡ್ಡವಳು ಉತ್ತರ ಕೊಡಲಿಲ್ಲ. ಅಂದಿನಿಂದ ಸುಮಾರು ಐದು ತಿಂಗಳು ನಮ್ಮ ನಡುವೆ ಅಮ್ಮಿಯ ಔಷಧಿ, ಹಾಲಿನ ಲೆಕ್ಕ, ಕರೆಂಟ್ ಬಿಲ್ಲು ಬಿಟ್ಟರೆ ಮಾತಿರಲಿಲ್ಲ. ಒಂದೇ ಮನೆ, ಒಂದೇ ದಸ್ತರಖಾನ್, ಎರಡು ಮೌನ.

ಹೀಗಿರುವಾಗ ಉಳಿದಿದ್ದ ಪ್ರಬಂಧಗಳ ಗಡುವು ಬಂತು. ಅವುಗಳಲ್ಲಿ ಒಂದು ಸೊಫೋಕ್ಲೀಸನ ‘ಆಂಟಿಗೊನೆ’ ಕುರಿತದ್ದು. ಕ್ರಿ.ಪೂ. 441ರ ಆಸುಪಾಸಿನ ನಾಟಕ. ನೂರಕ್ಕೂ ಹೆಚ್ಚು ನಾಟಕ ಬರೆದ ಸೊಫೋಕ್ಲೀಸನವು ಪೂರ್ತಿಯಾಗಿ ಉಳಿದಿರುವುದು ಏಳು. ಅವುಗಳಲ್ಲಿ ಇದೂ ಒಂದು. ಕನ್ನಡದಲ್ಲಿ ಇದನ್ನು ಪಿ. ಲಂಕೇಶ್ ‘ಅಂತಿಗೊನೆ’ ಎಂದು ತಂದಿದ್ದಾರೆ.

ಕಥೆ ಓದುಗರಲ್ಲಿ ಹಲವರಿಗೆ ಗೊತ್ತಿರಬಹುದು. ಥೀಬ್ಸ್ ನಗರದ ಗದ್ದುಗೆಗಾಗಿ ಅಣ್ಣತಮ್ಮಂದಿರು ಕಾದಾಡಿ, ಒಬ್ಬರ ಕೈಯಿಂದ ಒಬ್ಬರು ಸಾಯುತ್ತಾರೆ. ಹೊಸ ದೊರೆ ಕ್ರೆಯಾನ್ ಅವರ ಸೋದರಮಾವ. ನಗರವನ್ನು ಕಾದವನಿಗೆ ಸಕಲ ಗೌರವದ ಶವಸಂಸ್ಕಾರ, ನಗರದ ಮೇಲೆ ದಂಡೆತ್ತಿ ಬಂದ ಪೊಲಿನೈಸಸ್‌ನ ಹೆಣವನ್ನು ಯಾರೂ ಮುಟ್ಟಕೂಡದು, ನಾಯಿ ಹದ್ದುಗಳು ತಿನ್ನಲಿ, ಮೀರಿದವರಿಗೆ ಸಾವು ಎಂದು ಅವನು ಸಾರುತ್ತಾನೆ. ಸತ್ತವರ ತಂಗಿ ಆಂಟಿಗೊನೆ ಹೋಗಿ ಅಣ್ಣನ ಹೆಣದ ಮೇಲೆ ಕೈಯಾರೆ ಒಣಮಣ್ಣು ಚೆಲ್ಲುತ್ತಾಳೆ. ಗುಂಡಿ ತೋಡುವ ಶಕ್ತಿ ಅವಳಿಗೆಲ್ಲಿ? ಬರೀ ಮಣ್ಣು. ಕಾವಲಿನವರು ಆ ಮಣ್ಣನ್ನು ಗುಡಿಸಿಹಾಕಿದಾಗ ಮತ್ತೆ ಬಂದು ಚೆಲ್ಲುತ್ತಾಳೆ, ಮೂರು ಸಲ ತರ್ಪಣ ಬಿಡುತ್ತಾಳೆ, ಸಿಕ್ಕಿಬೀಳುತ್ತಾಳೆ.

ಆ ಮಣ್ಣಿನ ಜಾಗಕ್ಕೆ ಬಂದಾಗ ಚಿಕ್ಕವಳು ಪುಸ್ತಕ ಮುಚ್ಚಿ ಎದ್ದುಹೋದಳು. ನಮ್ಮಲ್ಲಿ ಮಯ್ಯಿತ್ತನ್ನು ಖಬರಿಗಿಳಿಸಿದ ಮೇಲೆ ಬಂದವರೆಲ್ಲ ಮೂರು ಹಿಡಿ ಮಣ್ಣು ಹಾಕುವುದುಂಟು. ಸ್ನಾನ ಮಾಡಿಸಲಾಗದ ಕಡೆ ಮಣ್ಣಿನಿಂದಲೇ ತಯಮ್ಮುಮ್ ಮಾಡಿಸುವ ವಿನಾಯಿತಿಯೂ ಇದೆ. ಅಬ್ಬಾರಿಗೆ ಆ ಮೂರು ಹಿಡಿ ಹಾಕಿದವರು ಯಾರು? ಹಾಕಿದರೋ ಇಲ್ಲವೋ? ಈ ಪ್ರಶ್ನೆಯನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ನುಂಗಿಕೊಂಡಿದ್ದೆವು.

ಮೇಷ್ಟ್ರಿಗೆ ನಮ್ಮ ಮನೆಯ ವಿಷಯ ತಿಳಿದಿತ್ತು. "ಈ ಸಲ ಬೇರೆ ಬೇರೆ ಬರೆದು ತನ್ನಿ" ಎಂದಷ್ಟೇ ಹೇಳಿದರು. ಬರೆದೆವು. ಚಿಕ್ಕವಳು ಆಂಟಿಗೊನೆಯನ್ನು ಹೊಗಳಿ ಹತ್ತು ಪುಟ ಬರೆದಳು. ದೊರೆಯ ಆಜ್ಞೆಗಿಂತ ಮೇಲೊಂದು ಬರೆಯದ ಕಾನೂನು ಇದೆ, ಸತ್ತವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು ಆ ಕಾನೂನು, ಅದನ್ನು ಹೆದರಿ ಬಿಟ್ಟವರು ಬದುಕಿದ್ದೂ ಸತ್ತಂತೆ ಎಂದು ಬರೆದಳು. ಯಾರಿಗೆ ಬರೆದಳೆಂಬುದು ಸ್ಪಷ್ಟವಿತ್ತು.

ದೊಡ್ಡವಳು ಕ್ರೆಯಾನನ ಪರ ಬರೆದಳು. ಅಂತರ್ಯುದ್ಧದಿಂದ ಆಗಷ್ಟೇ ಪಾರಾದ ಊರಿಗೆ ಒಂದು ನಿಯಮ ಬೇಕು. ನಗರವೆಂಬ ಹಡಗು ಮುಳುಗಿದರೆ ಬಂಧುಪ್ರೀತಿಗೆ ನಿಲ್ಲಲು ನೆಲವೆಲ್ಲಿ ಎಂಬ ಅವನ ಮೊದಲ ಭಾಷಣದ ವಾದ ಹುಚ್ಚನದಲ್ಲ. ಸುಮಾರು ನೂರು ವರ್ಷಗಳ ನಂತರ, ಕ್ರಿ.ಪೂ. 343ರಲ್ಲಿ, ಡೆಮೊಸ್ತನೀಸ್ ಎಂಬ ಅಥೆನ್ಸಿನ ವಾಗ್ಮಿ ನ್ಯಾಯಸಭೆಯಲ್ಲಿ ಆ ಭಾಷಣವನ್ನೇ ಒಳ್ಳೆಯ ನಾಗರಿಕನ ತತ್ವವೆಂದು ಓದಿಸಿದ. ಇಷ್ಟಕ್ಕೆ ನಿಲ್ಲಿಸದೆ ಥುಸಿಡಿಡೀಸನ ಇತಿಹಾಸವನ್ನೂ ಅವಳು ಎಳೆದು ತಂದಳು. ಕ್ರಿ.ಪೂ. 430ರಲ್ಲಿ ಅಥೆನ್ಸಿಗೆ ಮಹಾಮಾರಿ ಬಂದಾಗ ಶವಸಂಸ್ಕಾರದ ಕಟ್ಟಳೆಗಳೆಲ್ಲ ಮುರಿದುಬಿದ್ದವು. ಬೇರೆಯವರು ಸಿದ್ಧಪಡಿಸಿದ ಚಿತೆಯ ಮೇಲೆ ತಮ್ಮವರ ಹೆಣ ಎಸೆದು ಜನ ಓಡಿಹೋದರು. ಆ ರೋಗ ತನಗೂ ತಗಲಿ ಬದುಕಿ ಉಳಿದ ಥುಸಿಡಿಡೀಸ್ ಇದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸಾಂಕ್ರಾಮಿಕದ ಕಾಲದಲ್ಲಿ ಪ್ರತಿಯೊಬ್ಬರೂ ಆಂಟಿಗೊನೆ ಆದರೆ ಉಳಿಯುವವರು ಯಾರು ಎಂದು ಅವಳು ಕೇಳಿದಳು. ಇದೂ ಯಾರಿಗೆ ಎಂದು ಹೇಳಬೇಕಾಗಿಲ್ಲ.

ಮೇಷ್ಟ್ರು ಎರಡನ್ನೂ ಓದಿ, ದೊಡ್ಡವಳದನ್ನು ಚಿಕ್ಕವಳ ಕೈಗೂ ಚಿಕ್ಕವಳದನ್ನು ದೊಡ್ಡವಳ ಕೈಗೂ ಕೊಟ್ಟರು. "ನೀವೇ ತಿದ್ದಿ ಅಂಕ ಹಾಕಿ" ಎಂದರು. ಜಗಲಿಯ ಎರಡು ತುದಿಗಳಲ್ಲಿ ಕುಳಿತು ಒಬ್ಬರ ಸಿಟ್ಟನ್ನು ಒಬ್ಬರು ಓದಿದೆವು. ಓದಿ ಮುಗಿದ ಮೇಲೆ ಅವರು ಮೆಲ್ಲಗೆ ಕೇಳಿದರು:

"ಇಬ್ಬರೂ ಸೇರಿ ಹತ್ತೊಂಬತ್ತು ಪುಟ ಬರೆದಿದ್ದೀರಿ. ಇಸ್ಮೆನೆಯ ಬಗ್ಗೆ ಒಂದು ಸಾಲೂ ಇಲ್ಲವಲ್ಲ, ಯಾಕಮ್ಮಾ?"

ಇಸ್ಮೆನೆ! ಆಂಟಿಗೊನೆಯ ಸೋದರಿ. ನಾಟಕ ಆರಂಭವಾಗುವುದೇ ಅರಮನೆಯ ಬಾಗಿಲಾಚೆ ನಸುಕಿನಲ್ಲಿ ನಿಂತ ಇಬ್ಬರು ಸೋದರಿಯರ ಮಾತಿನಿಂದ. ಬಾ, ಅಣ್ಣನನ್ನು ಮಣ್ಣು ಮಾಡೋಣ ಎನ್ನುತ್ತಾಳೆ ಒಬ್ಬಳು. ನಾವು ಹೆಂಗಸರು, ಬಲವಿದ್ದವರ ಎದುರು ನಿಲ್ಲಲಾರೆವು, ಸತ್ತವರು ನನ್ನನ್ನು ಕ್ಷಮಿಸಲಿ ಎನ್ನುತ್ತಾಳೆ ಇನ್ನೊಬ್ಬಳು. ಗೈಡುಗಳು ಇಸ್ಮೆನೆಯನ್ನು ‘ದುರ್ಬಲ ಪಾತ್ರ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನಾವು ಆ ಒಂದು ಸಾಲನ್ನೂ ಬರೆದಿರಲಿಲ್ಲ. ನಾವಿಬ್ಬರೂ ಬೇಕೆಂದೇ ಅವಳನ್ನು ಬಿಟ್ಟು ಸುತ್ತಿಬಳಸಿ ಹೋಗಿದ್ದೆವು. ಏಕೆಂದರೆ ಅವಳು ನಮ್ಮ ಮನೆಯಲ್ಲಿದ್ದಳು.

ಅಂದು ರಾತ್ರಿ ಅಮ್ಮಿ ಮಲಗಿದ ಮೇಲೆ ಅಡಿಗೆಮನೆಯಲ್ಲಿ ಒಂದೇ ಪುಸ್ತಕವನ್ನು ನಡುವೆ ಇಟ್ಟುಕೊಂಡು ಮತ್ತೆ ಓದಿದೆವು. ಆಗ ಹಿಂದೆ ಕಾಣದ ಎಷ್ಟೋ ಸಂಗತಿಗಳು ಕಂಡವು.

ಆಂಟಿಗೊನೆ ಸಿಕ್ಕಿಬಿದ್ದಾಗ ಇಸ್ಮೆನೆ ಅಳುತ್ತಾ ಓಡಿಬಂದು, ಈ ಕೆಲಸದಲ್ಲಿ ನನಗೂ ಪಾಲಿದೆ, ನಾನೂ ಇವಳೊಡನೆ ಸಾಯುತ್ತೇನೆ ಎನ್ನುತ್ತಾಳೆ. ಅವಳು ಹೆದರಿದವಳು ನಿಜ. ಆದರೆ ತಡವಾಗಿಯಾದರೂ ಬಂದವಳು. ಅವಳನ್ನು ಆಂಟಿಗೊನೆ ಒಪ್ಪುವುದಿಲ್ಲ. ನೀನು ಬದುಕನ್ನು ಆರಿಸಿಕೊಂಡೆ, ನನ್ನ ಸಾವಿನಲ್ಲಿ ನಿನಗೆ ಪಾಲಿಲ್ಲ ಎಂಬಂತೆ ತಳ್ಳಿಬಿಡುತ್ತಾಳೆ. ಮುಂದೆ ಕ್ರೆಯಾನ್ ಇಸ್ಮೆನೆಯನ್ನು ನಿರಪರಾಧಿಯೆಂದು ಬಿಡುತ್ತಾನೆ. ಅಲ್ಲಿಂದಾಚೆ ಅವಳು ನಾಟಕದಲ್ಲೇ ಕಾಣಿಸುವುದಿಲ್ಲ. ಸಾಯಲು ಹೊರಟ ಆಂಟಿಗೊನೆ, ನನ್ನ ವಂಶದಲ್ಲಿ ಕೊನೆಗೆ ಉಳಿದವಳು ನಾನೊಬ್ಬಳೇ ಎಂದು ಹೇಳಿಕೊಳ್ಳುತ್ತಾಳೆ. ಒಡಹುಟ್ಟಿದವಳು ಇನ್ನೂ ಬದುಕಿದ್ದಾಳೆ! ಸತ್ತ ಅಣ್ಣನಿಗಾಗಿ ಪ್ರಾಣ ಕೊಟ್ಟವಳು ಬದುಕಿದ್ದ ಸೋದರಿಯನ್ನು ಮಾತಿನಲ್ಲೇ ಹೂತುಬಿಟ್ಟಳು.

ಚಿಕ್ಕವಳು ಬಹಳ ಹೊತ್ತು ಆ ಪುಟದ ಮೇಲೆ ಕೈಯಿಟ್ಟು ಕುಳಿತಳು. ಆಮೇಲೆ, "ನಾನೂ ಹೀಗೇ ಮಾಡಿದೆ, ಅಲ್ಲವಾ ಆಪಾ?" ಎಂದಳು.

ದೊಡ್ಡವಳಿಗೂ ಎಡವಿದ ಜಾಗ ಸಿಕ್ಕಿತು. ತಿರೇಸಿಯಸ್ ಎಂಬ ಕುರುಡ ಕಾಲಜ್ಞಾನಿಯ ಎಚ್ಚರಿಕೆ ಕೇಳಿ ಕ್ರೆಯಾನ್ ಮೆತ್ತಗಾಗುತ್ತಾನೆ. ಮೊದಲು ಹೋಗಿ ಗುಹೆಯಲ್ಲಿ ಮುಚ್ಚಿಟ್ಟ ಹುಡುಗಿಯನ್ನು ಬಿಡಿಸು, ಆಮೇಲೆ ಹೆಣಕ್ಕೆ ಸಮಾಧಿ ಮಾಡು ಎಂದು ಹಿರಿಯರು ಹೇಳುತ್ತಾರೆ. ಅವನು ತಿರುವುಮುರುವು ಮಾಡುತ್ತಾನೆ. ಮೊದಲು ಸಮಾಧಿ, ಆಮೇಲೆ ಗುಹೆ. ಅಷ್ಟರಲ್ಲಿ ಅವಳು ನೇಣು ಹಾಕಿಕೊಂಡಿರುತ್ತಾಳೆ. ಅವಳನ್ನು ಮದುವೆಯಾಗಬೇಕಿದ್ದ ಅವನ ಮಗ, ಮಗನ ಹಿಂದೆ ಹೆಂಡತಿ, ಎಲ್ಲರೂ ಹೋಗುತ್ತಾರೆ. ಕ್ರೆಯಾನನ ತಪ್ಪು ನಿಯಮ ಮಾಡಿದ್ದರಲ್ಲಿ ಮಾತ್ರ ಇರಲಿಲ್ಲ. ಮಗ ಬಂದು, ಊರಿನವರು ಹೆದರಿ ನಿನ್ನೆದುರು ಆಡದ ಮಾತು ಬೇರೆ ಇದೆ ಎಂದಾಗ ಕೇಳದೆ ಹೋದದ್ದರಲ್ಲೂ ಇತ್ತು. "ನಾನು ಎರಡನೆಯ ಸಲ ಕೇಳಬೇಕಿತ್ತು" ಎಂದಳು ದೊಡ್ಡವಳು. "ನಿಯಮಕ್ಕಿಂತ ನನ್ನ ಭಯ ದೊಡ್ಡದಾಗಿತ್ತು." ಐದು ತಿಂಗಳಲ್ಲಿ ಅವಳು ಇದನ್ನು ಹೇಳಿದ್ದು ಅದೇ ಮೊದಲು. ಇಬ್ಬರೂ ಅತ್ತೆವು. ಅಮ್ಮಿ ಎದ್ದು ಬಂದು, "ಪರೀಕ್ಷೆಗೆ ಯಾರಾದರೂ ಇಷ್ಟು ಅಳುತ್ತಾರೇನೇ?" ಎಂದು ಕೇಳಿದರು.

ಕೆಥಾರ್ಸಿಸ್ ಎಂಬ ಪದದ ಅರ್ಥ ಆ ರಾತ್ರಿ ನಮಗೆ ತಿಳಿಯಿತು ಎಂದರೆ ದೊಡ್ಡ ಮಾತಾದೀತು. ದಾದಾನ ಭಾಷೆಯಲ್ಲಿ ಹೇಳುವುದಾದರೆ, ಒಳಗೆ ಕೊಳೆಯುತ್ತಿದ್ದುದು ಸ್ವಲ್ಪ ಹೊರಗೆ ಬಂತು.

ಮೂರನೆಯ ಪ್ರಬಂಧವನ್ನು ಇಬ್ಬರೂ ಸೇರಿ ಚರ್ಚಿಸಿದೆವು. ಆದರೆ ವಿಶ್ವವಿದ್ಯಾಲಯಕ್ಕೆ ಒಬ್ಬೊಬ್ಬರೂ ತಮ್ಮದೇ ಮಾತಿನಲ್ಲಿ ಬರೆದು ಕಳಿಸಿದೆವು. ಹೆಣದ ಪ್ರಶ್ನೆಯನ್ನು ಗ್ರೀಕರೂ ರೋಮನರೂ ಮತ್ತೆ ಮತ್ತೆ ಕೇಳಿಕೊಂಡದ್ದು ಏಕೆ ಎಂಬುದು ಅದರ ವಿಷಯ. ‘ಇಲಿಯಡ್’ನ ಕೊನೆಯಲ್ಲಿ ಮುದುಕ ಪ್ರಿಯಾಮ್ ರಾತ್ರಿಯಲ್ಲಿ ಶತ್ರುವಿನ ಬಿಡಾರಕ್ಕೆ ಹೋಗಿ, ತನ್ನ ಮಗನನ್ನು ಕೊಂದ ಅಕಿಲಿಸ್‌ನ ಕೈಗೆ ಮುತ್ತಿಟ್ಟು ಮಗನ ಹೆಣ ಬೇಡುತ್ತಾನೆ. ಕೊಂದವನೂ ಕಳೆದುಕೊಂಡವನೂ ಕೂತು ಒಟ್ಟಿಗೆ ಅಳುತ್ತಾರೆ. ಇಂಥ ದೊಡ್ಡ ಯುದ್ಧಕಾವ್ಯ ಮುಗಿಯುವುದು ವಿಜಯದಿಂದಲ್ಲ, ಸೋತವರ ಮನೆಯ ಒಂದು ಶವಸಂಸ್ಕಾರದಿಂದ. ಸೊಫೋಕ್ಲೀಸನದೇ ‘ಅಯಾಸ್’ ನಾಟಕದಲ್ಲಿ ವೀರನ ಹೆಣವನ್ನು ಹೂಳಕೂಡದೆಂದು ದೊರೆಗಳು ತಡೆದಾಗ, ಹೂಳಲೇಬೇಕೆಂದು ವಾದಿಸಿ ಗೆಲ್ಲುವವನು ಸತ್ತವನ ಶತ್ರುವಾದ ಒಡಿಸ್ಯೂಸ್. ಇದೇ ನಾಟಕದ ಜಾಡಿನಲ್ಲಿ ಬಿ.ಎಂ.ಶ್ರೀ. 1929ರಲ್ಲಿ ‘ಅಶ್ವತ್ಥಾಮನ್’ ಬರೆದರು.

ಇನ್ನು ರೋಮಿನ ವರ್ಜಿಲ್. ಅವನ ‘ಈನಿಯಡ್’ ಸಾಮ್ರಾಜ್ಯದ ಕಾವ್ಯವೆಂದು ಹೆಸರಾದರೂ ಅದರ ನಾಯಕ ಒಬ್ಬ ನಿರಾಶ್ರಿತ. ಉರಿಯುವ ಊರಿನಿಂದ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು, ಮಗನ ಕೈಹಿಡಿದು ಹೊರಟವನು. ಆರನೆಯ ಸರ್ಗದಲ್ಲಿ ಅವನು ಪಾತಾಳದ ನದಿಯ ದಡಕ್ಕೆ ಹೋಗುತ್ತಾನೆ. ಮಣ್ಣು ಸಿಗದ ಆತ್ಮಗಳನ್ನು ಅಂಬಿಗ ದಾಟಿಸುವುದಿಲ್ಲ. ಅವು ನೂರು ವರ್ಷ ದಡದಲ್ಲೇ ಅಲೆಯಬೇಕು. ಅವುಗಳ ನಡುವೆ ಅವನ ಹಡಗಿನ ಚುಕ್ಕಾಣಿಗ ಪಾಲಿನೂರಸ್ ಇದ್ದಾನೆ. ನನ್ನನ್ನೂ ದಾಟಿಸು ಎಂದು ಅಂಗಲಾಚುತ್ತಾನೆ. ಆಗುವುದಿಲ್ಲ. ಆದರೆ ಒಂದು ಸಮಾಧಾನ ಸಿಗುತ್ತದೆ. ನಿನ್ನ ಹೆಣ ಬಿದ್ದ ಕಡೆಯ ಜನ, ನಿನಗೆ ಏನೂ ಅಲ್ಲದವರು, ನಿನಗೊಂದು ಸಮಾಧಿ ಕಟ್ಟುತ್ತಾರೆ, ಆ ಜಾಗ ನಿನ್ನ ಹೆಸರಿನಲ್ಲಿ ಉಳಿಯುತ್ತದೆ ಎಂದು. ಇಟಲಿಯ ಕರಾವಳಿಯ ಒಂದು ಭೂಶಿರಕ್ಕೆ ಇಂದಿಗೂ ಪಾಲಿನೂರೊ ಎಂದೇ ಹೆಸರು.

ನಿನಗೆ ಏನೂ ಅಲ್ಲದವರು. ಈ ಮಾತು ನಮ್ಮನ್ನು ಬಿಡಲಿಲ್ಲ. ಅಬ್ಬಾರನ್ನು ಕೊಂಡೊಯ್ದ ಆ ನಾಲ್ವರನ್ನು ನಾವು ಅದುವರೆಗೆ ಹುಡುಕಿರಲೇ ಇಲ್ಲ. ಜನಾಝಾ ಸಮುದಾಯದ ಮೇಲಿನ ಹೊಣೆ, ಫರ್ಝ್ ಕಿಫಾಯಾ. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳು. ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಬಾಯಿಪಾಠ ಮಾಡಿದ ಪಾಠ ಇದು. ಥೀಬ್ಸ್ ನಗರದಲ್ಲಿ ಆ ಕೆಲವರು ಇರಲಿಲ್ಲ. ಅದಕ್ಕೇ ಒಬ್ಬ ಹುಡುಗಿ ಒಂಟಿಯಾಗಿ ಸಾಯಬೇಕಾಯಿತು. ನಮ್ಮ ಊರಿನಲ್ಲಿ ಇದ್ದರು. ಕೋವಿಡ್ ಕಾಲದಲ್ಲಿ ರಾಜ್ಯದ ಎಷ್ಟೋ ಊರುಗಳಲ್ಲಿ ಇಂಥ ಯುವಕರು ಜಾತಿ ಧರ್ಮ ನೋಡದೆ, ಯಾರದೋ ತಂದೆಯನ್ನು ಹೂಳಿದರು, ಯಾರದೋ ತಾಯಿಯ ಚಿತೆಗೆ ಹೆಗಲು ಕೊಟ್ಟರು.

ವಿಚಾರಿಸುತ್ತಾ ಹೋದಾಗ ಆ ನಾಲ್ವರಲ್ಲಿ ಒಬ್ಬನ ಪತ್ತೆಯಾಯಿತು. ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಮಾಡುವ ಹುಡುಗ. ಇಪ್ಪತ್ತೈದೂ ತುಂಬಿರಲಿಕ್ಕಿಲ್ಲ. ಅಬ್ಬಾರ ಹೆಸರು, ದಿನ, ಆಸ್ಪತ್ರೆ ಎಲ್ಲ ಹೇಳಿ, ಅವರ ದಫನ್ ಹೇಗಾಯಿತೆಂದು ಕೇಳಿದೆವು. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದ.

"ಸುಳ್ಳು ಹೇಳಬಾರದು ಬಾಜಿ, ನನಗೆ ನೆನಪಿಲ್ಲ. ಆ ದಿನ ನಾವು ಒಂಬತ್ತು ಜನರನ್ನು ಮಾಡಿದೆವು. ಮುಖ ನೋಡುವಂತಿರಲಿಲ್ಲ, ಚೀಲದ ಮೇಲೆ ನಂಬರು ಮಾತ್ರ. ನಿಮ್ಮ ಅಬ್ಬಾ ಯಾರೆಂದು ನಾನು ಹೇಗೆ ಹೇಳಲಿ?"

ನಾವು ಸುಮ್ಮನೆ ನಿಂತೆವು. ಅವನಿಗೆ ಏನೆನ್ನಿಸಿತೋ, ನಮ್ಮ ಕಡೆ ನೋಡದೆ, ಬಿಚ್ಚಿಟ್ಟ ಫೋನನ್ನೇ ನೋಡುತ್ತಾ ಹೇಳಿದ:

"ಆದರೆ ನಮಾಝ್ ಎಲ್ಲರಿಗೂ ಮಾಡಿದ್ದೇವೆ. ಮೂರು ಹಿಡಿ ಮಣ್ಣು ಒಬ್ಬರಿಗೂ ತಪ್ಪಿಸಿಲ್ಲ. ಗ್ಲೌಸು ಹಾಕಿದ ಕೈಯಲ್ಲಿ ಮಣ್ಣು ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಎರಡೆರಡು ಸಲ ತುಂಬಿಕೊಳ್ಳುತ್ತಿದ್ದೆವು."

ನಮ್ಮ ಪ್ರಬಂಧಗಳಿಗೆ ಬಂದ ಅಂಕ ಸಾಧಾರಣವೇ. ಅಂಚಿನಲ್ಲಿ ಯಾರೋ ಪರೀಕ್ಷಕರು, ಇಸ್ಮೆನೆಗೆ ಅಗತ್ಯಕ್ಕಿಂತ ಹೆಚ್ಚು ಪ್ರಾಮುಖ್ಯ ಕೊಡಲಾಗಿದೆ ಎಂದು ಬರೆದಿದ್ದರು. ಮೇಷ್ಟ್ರು ಅದನ್ನು ಓದಿ ನಕ್ಕರು. ನಾವೂ ನಕ್ಕೆವು. ಎಂ.ಎ. ಮುಗಿದಿದೆ. ಗ್ರೀಕರನ್ನು ಓದುವುದು ಮುಗಿದಿಲ್ಲ. ಭಾನುವಾರ ಸಂಜೆ ಅಡಿಗೆಮನೆಯಲ್ಲಿ ಒಂದು ಪುಸ್ತಕ ನಡುವೆ ಇಟ್ಟುಕೊಂಡು ಕೂರುತ್ತೇವೆ. ಜಗಳವಾಗುತ್ತದೆ. ಜೋರಾದರೆ ಒಳಗಿನಿಂದ ಅಮ್ಮಿಯ ದನಿ ಬರುತ್ತದೆ, "ಸಾಕು ಮಾಡಿರೇ ಅಫ್ಲಾತೂನನ ಮೊಮ್ಮಕ್ಕಳಾ."